ಬೀಗಿತ್ತಿಯ ಭಾಷೆ

ಅಳಿಯನ ತಾಯಿ ವೀಡಿಯೊ ಕರೆಯಲ್ಲಿ ನಾಲ್ಕು ನಿಮಿಷ ಜರ್ಮನ್ ಮಾತಾಡಿದರು. ಕೈ ಎತ್ತಿದರು, ಕೈ ಇಳಿಸಿದರು, ಒಂದು ಸಲ ಎದೆ ಮುಟ್ಟಿಕೊಂಡರು, ಎರಡು ಸಲ ನಕ್ಕರು, ಕೊನೆಗೆ ತೋರುಬೆರಳು ಆಡಿಸಿ ಏನನ್ನೋ ಎಚ್ಚರಿಸಿದರು. ಅಳಿಯ ಎಲ್ಲವನ್ನೂ ಕೇಳಿಸಿಕೊಂಡು ಅತ್ತೆಯ ಕಡೆ ತಿರುಗಿ, "ಅಮ್ಮ ಥ್ಯಾಂಕ್ಸ್ ಹೇಳಿದರು" ಅಂದ.

ಅತ್ತೆಗೆ, ಅಂದರೆ ನಮ್ಮ ಟೀಚರ್‌ಗೆ, ಅನುಮಾನ ಹುಟ್ಟಿದ್ದು ಅವತ್ತೇ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವರಿಗೆ ಸಂಕ್ಷೇಪ ಲೇಖನ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ನಿಮಿಷವನ್ನು ಒಂದು ಥ್ಯಾಂಕ್ಸಿಗೆ ಇಳಿಸುವುದು ಸಂಕ್ಷೇಪವಲ್ಲ, ಸಾಕ್ಷ್ಯನಾಶ.

ಶಾಲೆಯ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಕೆಂಪು ಶಾಯಿ. ನಿವೃತ್ತಿಯಾಗಿ ಐದು ವರ್ಷ ಕಳೆದರೂ ಶಾಯಿ ಒಣಗಿರಲಿಲ್ಲ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರ ಹೆಚ್ಚಿದ್ದರೆ ಒಳಗೆ ಹೋಗಿ ಹೇಳಿ ಬರುತ್ತಿದ್ದರು. ಯಾರೋ ಬರೆದ ಸಂತಾಪ ಪತ್ರದಲ್ಲಿ ಕಾಮಾ ತಿದ್ದಿ ಕಳಿಸಿದ್ದರೆಂಬ ಆಪಾದನೆ ಅವರ ಮೇಲಿತ್ತು. ಅವರು ಅದನ್ನು ಅಲ್ಲಗಳೆದದ್ದೂ ಇಲ್ಲ.

"ಅಮ್ಮ, ಜರ್ಮನ್ ನೀನ್ಯಾಕೆ ಕಲೀಬೇಕು? ಅವರು ಇದಾರಲ್ಲ ಅನುವಾದ ಮಾಡೋಕೆ" ಅಂದಳು ಮಗಳು.

"ಇದಾರಲ್ಲ, ಅದೇ ತೊಂದರೆ. ನನ್ನ ಮಾತಿಗೆ ಇನ್ನೊಬ್ಬರ ಬಾಯಿ ಯಾಕೆ?"

ಮಗಳು ಆಗ ಎರಡು ತಿಂಗಳ ಗರ್ಭಿಣಿ. ಹೆರಿಗೆಯಾದ ಮೇಲೆ ಬೀಗಿತ್ತಿ ಮೂರು ವಾರದ ಮಟ್ಟಿಗೆ ಬಂದಿರುವುದು ಅಂತ ತೀರ್ಮಾನವಾಗಿತ್ತು. ಆಕೆಗೆ ಜರ್ಮನ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಟೀಚರ್ ಬೆರಳು ಮಡಿಸಿ ಲೆಕ್ಕ ಹಾಕಿದರು: ಏಳು ತಿಂಗಳು. ಜರ್ಮನ್ ಅಂದರೆ ಇಂಗ್ಲಿಷಿನ ದಾಯಾದಿ. ತಮ್ಮನ ಮನೆ ಪೂರ್ತಿ ಗೊತ್ತಿದ್ದವರಿಗೆ ಅಣ್ಣನ ಮನೆಯಲ್ಲಿ ಅಡುಗೆಮನೆ ಎಲ್ಲಿದೆ ಅಂತ ಕಂಡುಹಿಡಿಯುವುದು ಎಷ್ಟರ ಕೆಲಸ?

ಅವರ ಯಜಮಾನರದು ಬೀಗ ರಿಪೇರಿ ಅಂಗಡಿ, ಮನೆಯ ಕೆಳಗೇ. ಊರಿನವರು ಕಳೆದುಕೊಂಡ ಕೀಲಿಗಳೆಲ್ಲ ಕೊನೆಗೆ ಅವರ ಕೈಗೇ ಬರುತ್ತಿದ್ದವು. ಹೆಂಡತಿಯ ನಿರ್ಧಾರ ಕೇಳಿ ಅವರು ಅರವನ್ನು ಕೆಳಗಿಡಲೂ ಇಲ್ಲ. "ಬೀಗ ಎಂಥದ್ದಾದ್ರೂ ನಾನು ತೆಗೀತೀನಿ. ಬೀಗಿತ್ತಿ ಬಾಯಿ ಮಾತ್ರ ನೀನೇ ನೋಡ್ಕೋ" ಅಂದರು.

ಜರ್ಮನ್ ತರಗತಿ ನಡೆಯುತ್ತಿದ್ದದ್ದು ಟಯರ್ ಅಂಗಡಿಯೊಂದರ ಮಹಡಿಯ ಮೇಲೆ, ವಾರಕ್ಕೆ ಮೂರು ಸಂಜೆ. ಮೆಟ್ಟಿಲೆಲ್ಲ ರಬ್ಬರ್ ವಾಸನೆ. ಮೊದಲ ದಿನ ಟೀಚರ್ ಹತ್ತು ನಿಮಿಷ ಮುಂಚೆ ಹೋಗಿ ಮೊದಲ ಸಾಲಿನಲ್ಲಿ ಕೂತರು. ಮೇಷ್ಟರು ಒಳಗೆ ಬಂದರು. ಮೂವತ್ತೈದರ ವಯಸ್ಸು, ಚಪ್ಪಟೆ ಮೂಗು, ಕೈಯಲ್ಲಿ ಹಾಜರಿ ಪುಸ್ತಕ. ಟೀಚರ್ ಮುಖ ನೋಡಿದ್ದೇ ಆ ಪುಸ್ತಕ ಕೈಯಿಂದ ಜಾರಿತು.

ಟೀಚರ್‌ಗೂ ಗುರುತು ಸಿಕ್ಕಿತು. "ನೀನು ನೆಸೆಸರಿಗೆ ಮೂರು ಎಸ್ ಹಾಕ್ತಿದ್ದವನಲ್ವಾ?"

"ಹೌದು ಮೇಡಂ. ನೀವು ಎರಡು ಸಲ ಫೇಲ್ ಮಾಡಿದ್ರಿ."

"ಮೂರನೇ ಸಲ ಪಾಸಾದೆಯಲ್ಲ."

"ಮೂರನೇ ಸಲ ನೀವು ರಜದಲ್ಲಿದ್ರಿ ಮೇಡಂ."

ಶಾಲೆ ಬಿಟ್ಟ ಮೇಲೆ ಅವನು ಹಡಗಿನ ಅಡುಗೆಮನೆಯಲ್ಲಿ ಏಳು ವರ್ಷ ಈರುಳ್ಳಿ ಹೆಚ್ಚಿದ್ದ. ಪಕ್ಕದಲ್ಲಿ ಪಾತ್ರೆ ತಿಕ್ಕುತ್ತಿದ್ದವರೆಲ್ಲ ಜರ್ಮನ್ನರು. ಭಾಷೆ ಅಲ್ಲಿ ಅಂಟಿಕೊಂಡದ್ದು, ಆಮೇಲೆ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಂಡದ್ದು. ಇದನ್ನೆಲ್ಲ ಅವನು ವಿನಯದಿಂದಲೇ ಹೇಳಿದ. ಆ ವಿನಯದಲ್ಲಿ ಒಂದು ಸಣ್ಣ ಮೆಣಸಿನಕಾಯಿ ಅಡಗಿರುವುದು ಟೀಚರ್‌ಗೆ ಗೊತ್ತಾಯಿತು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಊರಿನಲ್ಲಿ ಜರ್ಮನ್ ಹೇಳಿಕೊಡುವವನು ಇವನೊಬ್ಬನೇ.

ಮೊದಲ ವಾರ ಸುಖವಾಗಿ ಕಳೆಯಿತು. ಮನೆಗೆ ಹೌಸ್, ಇಲಿಗೆ ಮೌಸ್, ಬೆರಳಿಗೆ ಫಿಂಗರ್. ಟೀಚರ್ ಪ್ರತಿ ಪದಕ್ಕೂ, "ಇದು ನಮ್ಮದೇ" ಅನ್ನುವವರಂತೆ ತಲೆಯಾಡಿಸುತ್ತಿದ್ದರು. ಕೈಗವಸಿಗೆ ಹಾಂಡ್‌ಶೂ, ಅಂದರೆ ಕೈ-ಬೂಟು ಅಂತ ಮೇಷ್ಟರು ಹೇಳಿದಾಗ ಮಾತ್ರ ಅವರಿಗೆ ನಗು ತಡೆಯಲಾಗಲಿಲ್ಲ. "ಕೈಗೆ ಬೂಟಾ? ಇದೇನು ಭಾಷೆನೋ, ಹುಡುಗಾಟವೋ?"

ಪಕ್ಕದ ಕುರ್ಚಿಯಲ್ಲಿ ಲಾರಿ ಡ್ರೈವರ್ ಕೂತಿದ್ದರು. ಐವತ್ತರ ಆಸುಪಾಸು, ತಲೆಯ ಮೇಲೆ ಒಂದು ಕೂದಲೂ ಇಲ್ಲ. ಜರ್ಮನಿಗೆ ಹೋಗಿ ಲಾರಿ ಓಡಿಸುವ ಕೆಲಸಕ್ಕೆ ಮಾತು ಬೇಕಾಗುತ್ತದೆ ಅಂತ ಸೇರಿದ್ದವರು. ಅವರು ನಗಲಿಲ್ಲ. "ಕಾಲಿಗೆ ಹಾಕೋದಕ್ಕೆ ನಾವು ಕಾಲುಚೀಲ ಅಂತೀವಿ ಮೇಡಂ. ಕಾಲಿಗೆ ಚೀಲ ಕಟ್ಟೋರು ಕೈಗೆ ಬೂಟು ಹಾಕೋರನ್ನ ನೋಡಿ ನಗಬಹುದಾ?"

ಮಾತು ಸರಿಯಾಗಿಯೇ ಇದೆ ಅಂತ ಟೀಚರ್‌ಗೆ ಗೊತ್ತಾಯಿತು. ಅದಕ್ಕೇ ಆ ಮನುಷ್ಯನ ಮೇಲೆ ಸಿಟ್ಟು ಬಂತು.

ಎರಡನೆಯ ವಾರ ಲಿಂಗ ಶುರುವಾಯಿತು. ಜರ್ಮನ್ನಿನಲ್ಲಿ ಪ್ರತಿ ವಸ್ತುವೂ ಗಂಡು, ಹೆಣ್ಣು ಅಥವಾ ಎರಡೂ ಅಲ್ಲದ್ದು. ಯಾವುದು ಯಾಕೆ ಅಂತ ಯಾರನ್ನೂ ಕೇಳುವ ಹಾಗಿಲ್ಲ. ಟೀಚರ್ ಚೀಟಿ ಬರೆದು ಮನೆಯ ಸಾಮಾನಿಗೆಲ್ಲ ಅಂಟಿಸಿದರು. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ಉಳಿದದ್ದಕ್ಕೆ ಹಸಿರು. ಯಜಮಾನರು ಊಟಕ್ಕೆ ಕೂತು ಕೈಗೆ ಸಿಕ್ಕ ಚಮಚವನ್ನು ತಿರುಗಿಸಿ ನೋಡಿದರು.

"ಇದ್ಯಾಕೆ ನೀಲಿ?"

"ಚಮಚ ಗಂಡು ಕಣ್ರೀ. ಫೋರ್ಕು ಹೆಣ್ಣು. ಚಾಕು ಎರಡೂ ಅಲ್ಲ."

"ಇಷ್ಟು ವರ್ಷ ಮೂರನ್ನೂ ಒಂದೇ ಡ್ರಾಯರಲ್ಲಿ ಮಲಗಿಸಿದೀವಲ್ಲೇ."

"ಸುಮ್ನೆ ಊಟ ಮಾಡಿ."

"ಹುಡುಗಿ ಏನು, ಕೆಂಪಾ?"

ಟೀಚರ್ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. "ಹುಡುಗಿ ಹಸಿರು" ಅಂದರು ಕೊನೆಗೆ, ಆ ಭಾಷೆಯ ಪರವಾಗಿ ತಾವೇ ನಾಚಿಕೊಂಡವರಂತೆ.

ಯಜಮಾನರಿಗೆ ಇಷ್ಟವಾದದ್ದು ಒಂದೇ ಪದ. ಬೀಗಕ್ಕೂ ಅರಮನೆಗೂ ಜರ್ಮನ್ನರು ಶ್ಲಾಸ್ ಅಂತಲೇ ಅನ್ನುತ್ತಾರೆ. ಇದು ಗೊತ್ತಾದ ಮೇಲೆ ಅವರು ಅಂಗಡಿಗೆ ಬಂದವರಿಗೆಲ್ಲ, "ನಲವತ್ತು ವರ್ಷದಿಂದ ಅರಮನೆ ರಿಪೇರಿ ಮಾಡ್ತಿದೀನಿ" ಅಂತ ಹೇಳತೊಡಗಿದರು.

ತಿಂಗಳ ಕೊನೆಯ ಪರೀಕ್ಷೆಯಲ್ಲಿ ನಲವತ್ತಕ್ಕೆ ಲಾರಿ ಡ್ರೈವರ್‌ಗೆ ಮೂವತ್ತೊಂದು ಬಂತು. ಟೀಚರ್‌ಗೆ ಒಂಬತ್ತು. ಉತ್ತರ ಪತ್ರಿಕೆ ಕೆಂಪು ಶಾಯಿಯಲ್ಲಿ ಮುಳುಗಿಹೋಗಿತ್ತು. ಕೊನೆಯಲ್ಲಿ ಮೇಷ್ಟರು ಒಂದು ಸಾಲು ಬರೆದಿದ್ದರು: 'ಊಹಿಸಬೇಡಿ. ಕಲಿಯಿರಿ.' ಇದು ಟೀಚರ್ ಮೂವತ್ತನಾಲ್ಕು ವರ್ಷ ಬೇರೆಯವರ ಪತ್ರಿಕೆಯ ಮೇಲೆ ಬರೆದ ಸಾಲು. ಅವರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನ ತಳಕ್ಕೆ ತುರುಕಿದರು.

ಆದರೂ ಊಹೆ ಬಿಡಲಿಲ್ಲ. ಒಂದು ಬುಧವಾರ ಬೀಗಿತ್ತಿಯಿಂದ ಅವರ ಹೆಸರಿಗೇ ಒಂದು ಕಾರ್ಡು ಬಂತು. ಮುಂದೆ ಒಂದು ಸೇತುವೆಯ ಚಿತ್ರ, ಹಿಂದೆ ಮೂರೇ ಪದ: ಇಖ್ ಕೊಮ್ಮೆ ಬಾಲ್ಡ್. ಇಖ್ ಅಂದರೆ ನಾನು. ಕೊಮ್ಮೆ, ಕಮ್, ಬರುತ್ತೇನೆ. ಬಾಲ್ಡ್ ಅಂದರೆ ಇಂಗ್ಲಿಷ್ ಬಂದ ಎಲ್ಲರಿಗೂ ಗೊತ್ತು. ಟೀಚರ್ ಕಾರ್ಡು ಹಿಡಿದು ಮೆಟ್ಟಿಲಿಳಿದು ಅಂಗಡಿಗೆ ಹೋದರು.

"ಪಾಪ ಕಣ್ರೀ. ತಲೆ ಬೋಳಾಗಿದೆಯಂತೆ ಆಕೆಗೆ. ಹಾಗೇ ಬರ್ತೀನಿ ಅಂತ ಬರೆದಿದಾಳೆ."

"ಏನು ಕಾಯಿಲೆಯಂತೆ?"

"ಅದನ್ನ ಬರೆದಿಲ್ಲ. ಸ್ವಾಭಿಮಾನಿ."

ಮುಂದಿನ ಭಾನುವಾರ ವೀಡಿಯೊ ಕರೆಯಲ್ಲಿ ಬೀಗಿತ್ತಿಯ ತಲೆ ತುಂಬ ಬಿಳಿ ಕೂದಲಿತ್ತು. 'ವಿಗ್ಗು ಎಷ್ಟು ಸಹಜವಾಗಿ ಕೂತಿದೆ' ಅಂದುಕೊಂಡರು ಟೀಚರ್. ಅವತ್ತು ಆಕೆಯ ಜೊತೆ ಎಂದೂ ಇಲ್ಲದಷ್ಟು ಮೆತ್ತಗೆ ನಕ್ಕರು. ಉಣ್ಣೆ ತಂದು ಎರಡು ವಾರ ಕೂತು ಒಂದು ಟೋಪಿಯನ್ನೂ ಹೆಣೆದರು.

ಸತ್ಯ ಹೊರಬಿದ್ದದ್ದು ತರಗತಿಯಲ್ಲಿ. ಹೆಂಡತಿಗೆ ಫೋನ್ ಮಾಡುವಂತೆ ನಟಿಸಿ ಅಂತ ಮೇಷ್ಟರು ಹೇಳಿದಾಗ ಲಾರಿ ಡ್ರೈವರ್ ಎದ್ದು ನಿಂತು, ಅಂಗೈಯನ್ನು ಕಿವಿಗಿಟ್ಟುಕೊಂಡು, "ಇಖ್ ಕೊಮ್ಮೆ ಬಾಲ್ಡ್" ಅಂದರು.

ಟೀಚರ್ ಮೆಲ್ಲಗೆ ಅಂದರು, "ನಿಮ್ಮ ತಲೆ ವಿಷಯ ನಿಮ್ಮ ಮನೆಯವರಿಗೆ ಗೊತ್ತಿಲ್ವಾ? ಫೋನ್ ಮಾಡಿ ಹೇಳಬೇಕಾ?"

ಡ್ರೈವರ್ ತಲೆ ಮುಟ್ಟಿ ನೋಡಿಕೊಂಡರು. ಮೇಷ್ಟರು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗುತ್ತಿತ್ತು. ತಿರುಗಿದಾಗ ಮುಖ ಮಾತ್ರ ಗಂಭೀರವಾಗಿತ್ತು. "ಬಾಲ್ಡ್ ಅಂದ್ರೆ ಬೇಗ ಅಂತ ಮೇಡಂ. ಬೇಗ ಬರ್ತೀನಿ ಅಂತ ಹೇಳ್ತಿದಾರೆ."

ಉಣ್ಣೆಯ ಟೋಪಿಯನ್ನು ಯಜಮಾನರು ಚಳಿಗಾಲವಿಡೀ ಅಂಗಡಿಯಲ್ಲಿ ಹಾಕಿಕೊಂಡರು.

ಇದಾದ ಮೇಲೆ ಟೀಚರ್ ನಿಜವಾಗಿ ಓದಲು ಕೂತರು. ದಿನಕ್ಕೆ ಇಪ್ಪತ್ತು ಪದ, ಬಸ್ಸಿನಲ್ಲಿ ಹತ್ತು, ಒಲೆಯ ಮುಂದೆ ಹತ್ತು. ಮೇಷ್ಟರನ್ನು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಸಂದೇಹ ಬಂದರೆ ನಿಘಂಟು ತೆರೆಯುತ್ತಿದ್ದರು, ಸಂದೇಹ ಬರದಿದ್ದರೆ ತೆರೆಯುತ್ತಿರಲಿಲ್ಲ. ಅವರ ಕಷ್ಟವೆಲ್ಲ ಈ ಎರಡನೆಯದರಲ್ಲಿತ್ತು. ಜರ್ಮನ್ನಿನಲ್ಲಿ ದೊಡ್ಡವರಿಗೊಂದು ನೀವು, ಸಲಿಗೆಗೊಂದು ನೀನು ಇದೆ ಅಂತ ತಿಳಿದಾಗ ಅವರು ಗೊಂದಲಕ್ಕೆ ಬಿದ್ದರು. ಇಂಗ್ಲಿಷಿನಲ್ಲಿ ಇರುವುದು ಒಂದೇ ಯೂ. "ನಮ್ಮ ಮನೇಲಿ ಆಡೋ ಹಾಗೇ ಆಡಿದ್ರಾಯ್ತಲ್ಲ ಮೇಡಂ" ಅಂದರು ಡ್ರೈವರ್. "ಕ್ರಿಯಾಪದಾನೂ ಅರ್ಧಕ್ಕರ್ಧ ನಮ್ಮ ಹಾಗೇ ವಾಕ್ಯದ ಕೊನೇಲಿ ಬರುತ್ತೆ. ನೀವ್ಯಾಕೆ ಇಂಗ್ಲಿಷ್ ಊರು ಸುತ್ತಿಕೊಂಡು ಬರ್ತೀರಿ?" ಆ ಸಲದ ಪರೀಕ್ಷೆಯಲ್ಲಿ ಟೀಚರ್‌ಗೆ ಹತ್ತೊಂಬತ್ತು ಬಂತು.

ಮಗಳಿಗೆ ಹೆಣ್ಣು ಮಗುವಾಯಿತು. ಹತ್ತನೆಯ ದಿನಕ್ಕೆ ಬೀಗಿತ್ತಿ ಬಂದಿಳಿದರು.

ಆಕೆ ರೈಲಿನಲ್ಲಿ ಮೂವತ್ತಾರು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಎತ್ತರದ ಹೆಂಗಸು. ಯಾರನ್ನೇ ನೋಡಲಿ, ಮೊದಲು ಮುಖ, ಆಮೇಲೆ ಕೈ. ಟೀಚರ್ ಬಾಯಿಪಾಠ ಮಾಡಿದ್ದ ಸ್ವಾಗತ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದರು. ಬೀಗಿತ್ತಿಯ ಕಣ್ಣು ಅರಳಿತು. ಸಂತೋಷದಿಂದ ಆಕೆ ಶುರುಮಾಡಿದ ಮಾತು ಲಿಫ್ಟಿನ ಬಾಗಿಲಿನಿಂದ ಮೂರನೆಯ ಮಹಡಿಯ ಮಗಳ ಮನೆಯ ಸೋಫಾದವರೆಗೂ ನಿಲ್ಲಲಿಲ್ಲ. ನಿಘಂಟಿನಲ್ಲಿ ಪದಗಳು ಒಂದೊಂದಾಗಿ ಸಾಲಿನಲ್ಲಿ ನಿಂತಿರುತ್ತವೆ. ಈಕೆಯ ಬಾಯಿಂದ ಅವು ಶಾಲೆ ಬಿಟ್ಟ ಮಕ್ಕಳ ಹಾಗೆ ನುಗ್ಗಿ ಬರುತ್ತಿದ್ದವು. ಟೀಚರ್‌ಗೆ ಹತ್ತರಲ್ಲಿ ಒಂದು ಮುಖ ಗುರುತು ಸಿಕ್ಕುತ್ತಿತ್ತು, ಅಷ್ಟೇ.

ನಾಲ್ಕನೆಯ ದಿನ ಟೀಚರ್ ಬೆಳಿಗ್ಗೆ ಬಸ್ಸು ಹತ್ತಿ ಮಗಳ ಮನೆಗೆ ಹೋದಾಗ ಬೀಗಿತ್ತಿ ಮನೆ ತಪಾಸಣೆಯಲ್ಲಿದ್ದರು. ಬಾಣಂತಿಯ ಕೋಣೆಯ ಪರದೆಯನ್ನು ಸರ್ರನೆ ಎಳೆದು ಏನೋ ಹೇಳಿದರು, ಅದರ ಕೊನೆಯಲ್ಲಿ 'ಹೆಲ್'. ಅಡುಗೆಮನೆಗೆ ಹೋಗಿ ಕಿಟಕಿಯ ಮುಂದಿನ ಡಬ್ಬಗಳನ್ನು ಸರಿಸಿ ಮತ್ತೆ 'ಹೆಲ್'. ಕೋಣೆಗಳ ನಡುವಿನ ದಾರಿಯ ಬಲ್ಬಿನ ಕಡೆ ಕೈ ತೋರಿಸಿ, ತಲೆ ಅಡ್ಡಡ್ಡ ಆಡಿಸಿ, ಮೂರನೆಯ ಸಲ 'ಹೆಲ್'.

ಟೀಚರ್ ಮನೆಗೆ ವಾಪಸಾದವರೇ ಚಪ್ಪಲಿ ಬಿಡುವ ಮುಂಚೆ ಅಂದರು, "ಮಗಳ ಮನೇನ ನರಕ ಅಂದಳು ಕಣ್ರೀ. ಒಂದ್ಸಲ ಅಲ್ಲ. ಕೋಣೆಕೋಣೆಗೂ ಹೋಗಿ ನರಕ, ನರಕ ಅಂದಳು."

"ಮೇಷ್ಟ್ರನ್ನ ಒಂದ್ಮಾತು ಕೇಳು."

"ಹೆಲ್ ಅನ್ನೋದಕ್ಕೆ ಅವನನ್ನೇನ್ರೀ ಕೇಳೋದು? ಅವನಿಗೆ ಆ ಸ್ಪೆಲ್ಲಿಂಗ್ ಕಲಿಸಿದ್ದೇ ನಾನು."

"ಟೋಪಿ ಇನ್ನೂ ನನ್ನ ತಲೆ ಮೇಲಿದೆ ಕಣೇ" ಅಂದರು ಯಜಮಾನರು. ಟೀಚರ್ ಕೇಳಿಸಿಕೊಳ್ಳಲಿಲ್ಲ.

ಅವರು ಉತ್ತರ ತಯಾರಿಸಲು ಕೂತಿದ್ದರು. ಕೂಗಾಟ ಬೇಡ. ಒಂದೇ ವಾಕ್ಯ, ಮರ್ಯಾದೆಯದ್ದು, ಆದರೆ ತಾಗಬೇಕು. 'ನನ್ನ ಮಗಳು ಒಳ್ಳೆಯ ತಾಯಿಯಾಗುತ್ತಾಳೆ.' ನಿಮ್ಮ ತಪಾಸಣೆಯ ಅಗತ್ಯವಿಲ್ಲ ಅನ್ನುವುದು ಅದರೊಳಗೇ ಇದೆ. ಮಗಳು, ಟೋಖ್ಟರ್, ಕೆಂಪು ಚೀಟಿ, ಆದ್ದರಿಂದ ಮೈನೆ. ತಾಯಿ, ಮುಟರ್, ಅದೂ ಕೆಂಪು, ಆದ್ದರಿಂದ ಐನೆ ಗೂಟೆ. ಎರಡನ್ನೂ ನಿಘಂಟಿನಲ್ಲಿ ನೋಡಿದರು, ವಿಭಕ್ತಿ ನೋಡಿದರು, ಉಚ್ಚಾರ ನೋಡಿದರು. ಆಗುವುದಕ್ಕೆ ಇಂಗ್ಲಿಷಿನಲ್ಲಿ ಬಿಕಮ್, ಜರ್ಮನ್ನಿನಲ್ಲಿ ಬೆಕೊಮೆನ್. ಅದನ್ನೇನು ನೋಡುವುದು?

ಮಾರನೆಯ ದಿನ ಬೀಗಿತ್ತಿ ಮಗುವಿನ ಸ್ನಾನಕ್ಕೆ ಟಬ್ಬು ಇಟ್ಟಿದ್ದರು. ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಾ, ಬಾಣಂತಿಗೆ ಏನೋ ಹೇಳುತ್ತಾ, ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದರು. ಟೀಚರ್ ಬಾಗಿಲಲ್ಲಿ ನಿಂತು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ಹೇಳಿದರು:

"ಮೈನೆ ಟೋಖ್ಟರ್ ಬೆಕೊಮ್ಟ್ ಐನೆ ಗೂಟೆ ಮುಟರ್."

ಬೀಗಿತ್ತಿಯ ಮೊಣಕೈ ನೀರಿನಲ್ಲೇ ನಿಂತಿತು. ಆಕೆ ಟೀಚರ್ ಮುಖವನ್ನು ನೋಡಿದರು. ತುಟಿ ನಡುಗಿತು. 'ತಾಗಿತು' ಅಂದುಕೊಂಡರು ಟೀಚರ್. ಅಷ್ಟರಲ್ಲಿ ಆ ಎತ್ತರದ ಹೆಂಗಸು ಟವೆಲ್ ಬಿಸಾಕಿ ಎರಡು ಹೆಜ್ಜೆಯಲ್ಲಿ ಬಂದು, ಒದ್ದೆ ಕೈಯಲ್ಲೇ ಟೀಚರನ್ನು ಬಾಚಿ ತಬ್ಬಿಕೊಂಡು, ಅವರ ಭುಜದ ಮೇಲೆ ಗಳಗಳನೆ ಅತ್ತುಬಿಟ್ಟರು. ಟೀಚರ್ ಕನ್ನಡಕ ಒಂದು ಕಡೆಗೆ ವಾಲಿತು. ಮಗುವೂ ಅಳತೊಡಗಿತು. ಮಗಳು, "ಅಮ್ಮ, ಏನು ಹೇಳಿದೆ?" ಅಂತ ಮೂರು ಸಲ ಕೇಳಿದಳು. ಟೀಚರ್‌ಗೆ ತಾವು ಹೇಳಿದ್ದೇನು ಅನ್ನುವುದರಲ್ಲಿ ಇದ್ದ ಭರವಸೆ ಮೊದಲ ಸಲ ಅಲುಗಾಡಿತು.

ಅಳಿಯನದು ಲಿಫ್ಟ್ ರಿಪೇರಿ ಕೆಲಸ. ತಾಯಿ ಫೋನ್ ಮಾಡಿದಾಗ ಅವನು ಯಾವುದೋ ಕಟ್ಟಡದ ಏಳು ಮತ್ತು ಎಂಟನೆಯ ಮಹಡಿಯ ನಡುವೆ ಇದ್ದನಂತೆ. ಸಂಜೆ ಅವನು ಬಂದವನೇ ಟೀಚರನ್ನು ಅಡುಗೆಮನೆಗೆ ಕರೆದುಕೊಂಡು ಹೋದ. ಎಂದೂ ಮೂರು ಪದ ದಾಟದವನು ಅವತ್ತು ನಾಲ್ಕು ನಿಮಿಷ ಮಾತಾಡಿದ.

"ಅತ್ತೆ, ನೀವು ಅಮ್ಮನಿಗೆ ಹೇಳಿದ್ದನ್ನ ನಾನು ಯಾವತ್ತೂ ಮರೆಯಲ್ಲ. ಅಮ್ಮ ಇಲ್ಲಿಗೆ ಬರೋಕೆ ಎಷ್ಟು ಹೆದರಿದ್ರು ಗೊತ್ತಾ? ಸೊಸೆಗೆ ಅವಳ ತಾಯಿ ಇದಾರೆ, ನಾನ್ಯಾಕೆ ಬೇಕು, ಭಾಷೆ ಬೇರೆ ಬರಲ್ಲ ಅಂತ. ನೀವು, 'ನನ್ನ ಮಗಳಿಗೆ ಒಬ್ಬ ಒಳ್ಳೆ ತಾಯಿ ಸಿಗ್ತಿದಾಳೆ' ಅಂತ ಅಂದ್ರಂತೆ. ಅವರದೇ ಭಾಷೇಲಿ. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹಾಗೆ ಹೇಳೋದು ಅಂದ್ರೆ..." ಅವನು ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದ. "ಅಮ್ಮ ಟಿಕೆಟ್ ಬದಲಾಯಿಸಿದ್ರು. ಮೂರು ವಾರ ಅಲ್ಲ, ಮೂರು ತಿಂಗಳು ಇರ್ತಾರಂತೆ."

ಟೀಚರ್ ಅಡುಗೆಕಟ್ಟೆಗೆ ಒರಗಿ ನಿಂತು, "ಸಂತೋಷ" ಅಂದರು.

ಆ ಸಂಜೆಯೇ ತರಗತಿಯಿತ್ತು. ಅಲ್ಲಿ ಇದ್ದವರು ಮೇಷ್ಟರು ಮತ್ತು ಡ್ರೈವರ್ ಮಾತ್ರ. ಉಳಿದವರೆಲ್ಲ ಲಿಂಗದ ಪಾಠದ ಆಸುಪಾಸಿನಲ್ಲೇ ಬಿಟ್ಟುಹೋಗಿದ್ದರು. ಟೀಚರ್ ಏಳು ತಿಂಗಳಲ್ಲಿ ಮೊದಲ ಸಲ ಕೈ ಎತ್ತಿದರು. ಬೋರ್ಡಿನ ಮೇಲೆ ವಾಕ್ಯ ಬರೆದರು. ಮೇಷ್ಟರು ಅದನ್ನು ಎರಡು ಸಲ ಓದಿದರು.

"ಒಂದೂ ತಪ್ಪಿಲ್ಲ ಮೇಡಂ. ನಲವತ್ತಕ್ಕೆ ನಲವತ್ತು. ನನ್ನ ಮಗಳಿಗೆ ಒಳ್ಳೆ ತಾಯಿ ಸಿಗ್ತಾಳೆ."

"ಆಗ್ತಾಳೆ ಅನ್ನೋದಲ್ವಾ?"

"ಅದಕ್ಕೆ ವೇರ್ಡನ್. ಬೆಕೊಮೆನ್ ಅಂದ್ರೆ ಸಿಗೋದು, ಪಡೆಯೋದು." ಮೇಷ್ಟರು ಸೀಮೆಸುಣ್ಣ ಕೆಳಗಿಟ್ಟರು. "ಯಾರಿಗೆ ಹೇಳಿದ್ರಿ ಇದನ್ನ?"

ಟೀಚರ್ ನಡೆದದ್ದನ್ನೆಲ್ಲ ಹೇಳಿದರು. ಹೇಳುವಾಗ ತಮ್ಮ ಸಿಟ್ಟಿಗೆ ಕಾರಣವಿತ್ತು ಅನ್ನುವುದನ್ನು ಒತ್ತಿ ಹೇಳಿದರು. ಆಕೆ ಮನೆಯನ್ನು ಹೆಲ್ ಅಂದಿದ್ದಳು, ಮೂರು ಸಲ.

ಡ್ರೈವರ್ ಕೆಮ್ಮಿದರು. "ಹೆಲ್ ಅಂದ್ರೆ ಬೆಳಕು ಮೇಡಂ. ಬೆಳಕಾಗಿದೆ ಅಂತ. ಹೆಡ್‌ಲೈಟ್ ಪಾಠದಲ್ಲಿ ಬಂದಿತ್ತಲ್ಲ."

ಆ ಪಾಠದ ದಿನ ಟೀಚರ್ ರಜ ಹಾಕಿದ್ದರು. ವಾಹನದ ಬಿಡಿಭಾಗಗಳ ಪದಗಳು ತಮಗೇಕೆ ಅಂತ.

ಮೇಷ್ಟರು ಸ್ವಲ್ಪ ಹೊತ್ತು ಮೇಜಿನ ಅಂಚು ಹಿಡಿದು ನಿಂತರು. ಈ ಸಲ ಕಿಟಕಿಯ ಕಡೆ ತಿರುಗುವ ತಾಳ್ಮೆ ಅವರಿಗೂ ಇರಲಿಲ್ಲ. ನಕ್ಕರು, ಕಣ್ಣೀರು ಬರುವ ತನಕ ನಕ್ಕರು. ಡ್ರೈವರ್ ಕೂಡ ನಕ್ಕರು. ಕೆಳಗೆ ಟಯರಿಗೆ ಗಾಳಿ ಹಿಡಿಯುತ್ತಿದ್ದವನು ಕೈ ನಿಲ್ಲಿಸಿ ಮೇಲಕ್ಕೆ ನೋಡಿದನಂತೆ. ಟೀಚರ್ ತುಟಿ ಬಿಗಿಹಿಡಿದು ಕೂತಿದ್ದರು. ಆಮೇಲೆ ಬೋರ್ಡಿನ ಮೇಲಿನ ವಾಕ್ಯವನ್ನು ಮತ್ತೊಂದು ಸಲ ಓದಿದರು. ಅವರೂ ನಕ್ಕರು.

ನಗು ಮುಗಿದ ಮೇಲೆ ಉಳಿದದ್ದು ತೊಂದರೆ. ಯಜಮಾನರ ಸಲಹೆ ಚಿಕ್ಕದಾಗಿತ್ತು: "ತೆರೆದಿರೋ ಬಾಗಿಲಿಗೆ ಕೀಲಿ ಯಾಕೆ ಹುಡುಕ್ತೀಯ? ಸುಮ್ನಿದ್ಬಿಡು."

ಸುಮ್ಮನಿರುವುದು ಟೀಚರ್‌ಗೆ ಬಾರದ ವಿದ್ಯೆ. ಅದೂ ಅಲ್ಲದೆ ಬೀಗಿತ್ತಿ ದಿನದಿಂದ ದಿನಕ್ಕೆ ಒಳ್ಳೆಯವರಾಗುತ್ತಾ ಹೋದರು. ಸೊಸೆಯನ್ನು ಕೇಳದೆ ಪರದೆ ಮುಟ್ಟುತ್ತಿರಲಿಲ್ಲ. ಟೀಚರ್ ಬಂದರೆ ಒಳ್ಳೆಯ ಕುರ್ಚಿ ಎಳೆದು ಹಾಕುತ್ತಿದ್ದರು. ಊರಿನಲ್ಲಿದ್ದ ಬೀಗಿತ್ತಿಯ ತಂಗಿಯರು ವೀಡಿಯೊದಲ್ಲಿ ಬಂದು ಟೀಚರನ್ನು ನೋಡಿ ಕೈ ಬೀಸಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಮಗಳು ಬಟ್ಟೆ ಮಡಿಸುತ್ತಾ ಹೇಳಿದಳು, "ಅಮ್ಮ, ನಿಂಗೆ ಇಷ್ಟು ದೊಡ್ಡ ಮನಸ್ಸು ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಇದನ್ನು ಟೀಚರ್‌ಗೆ ತಡೆಯಲಾಗಲಿಲ್ಲ. ತಾವು ಬರೆಯದ ಉತ್ತರಕ್ಕೆ ತಮಗೆ ಪೂರ್ತಿ ಅಂಕ ಸಿಕ್ಕಿದೆ. ಎದುರಿಗೆ ಕೂತ ವಿದ್ಯಾರ್ಥಿ ಹೀಗೆ ಮಾಡಿದ್ದರೆ ಅವರು ಏನು ಮಾಡುತ್ತಿದ್ದರು ಅಂತ ಅವರಿಗೇ ಗೊತ್ತಿತ್ತು.

ಮಾರನೆಯ ಸಂಜೆ ತರಗತಿ ಮುಗಿದ ಮೇಲೆ ಅವರು ಅಲ್ಲೇ ಉಳಿದರು. "ಮೇಷ್ಟ್ರೇ, ನೀವು ನಂಗೊಂದು ಸಹಾಯ ಮಾಡ್ಬೇಕು" ಅಂದರು. ಬಾಯಿಂದ 'ನೀವು' ಬಂದದ್ದನ್ನು ಇಬ್ಬರೂ ಗಮನಿಸಿದರು, ಇಬ್ಬರೂ ಗಮನಿಸದಂತೆ ಇದ್ದರು. ಒಂದು ಗಂಟೆ ಕೂತು ಐದು ವಾಕ್ಯ ಕಟ್ಟಿದರು. ಮೇಷ್ಟರು ಎಲ್ಲಿಯೂ ನಗಲಿಲ್ಲ. ಕ್ರಿಯಾಪದಗಳನ್ನು ಮಾತ್ರ ಮೂರು ಸಲ ನೋಡಿದರು.

ಕೆರೆಯ ಪಕ್ಕದ ಪಾರ್ಕಿನಲ್ಲಿ, ತಳ್ಳುಗಾಡಿಯಲ್ಲಿ ಮಗು ನಿದ್ದೆ ಮಾಡುತ್ತಿದ್ದಾಗ, ಟೀಚರ್ ಬೆಂಚಿನ ಮೇಲೆ ಬೀಗಿತ್ತಿಯ ಪಕ್ಕ ಕೂತು ಚೀಟಿ ಹೊರತೆಗೆದರು. ಅವರ ಜರ್ಮನ್ ಆಗಲೂ ಪುಸ್ತಕದ ಜರ್ಮನ್ನೇ.

"ನಾನು ತಮಗೆ ಒಂದು ಸತ್ಯವನ್ನು ತಿಳಿಸಲು ಬಯಸುತ್ತೇನೆ. ಅಂದು ನಾನು ತಪ್ಪಾದ ಕ್ರಿಯಾಪದವನ್ನು ಬಳಸಿದೆನು. ತಾವು ಮನೆಯನ್ನು ನರಕವೆಂದು ಕರೆದಿರೆಂದು ನಾನು ಭಾವಿಸಿದ್ದೆನು, ಆದ್ದರಿಂದ ಕೋಪಗೊಂಡಿದ್ದೆನು. ನನ್ನ ಮಗಳು ಒಳ್ಳೆಯ ತಾಯಿಯಾಗುತ್ತಾಳೆ ಎಂದು ಹೇಳುವುದು ನನ್ನ ಉದ್ದೇಶವಾಗಿತ್ತು. ತಮ್ಮನ್ನು ಹೊಗಳುವುದು ನನ್ನ ಉದ್ದೇಶವಾಗಿರಲಿಲ್ಲ."

ಬೀಗಿತ್ತಿ ಚೀಟಿ ಕೇಳಿ ಇಸಿದುಕೊಂಡು ತಾವೇ ಓದಿದರು. ಮುಂದೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಮುಖ ಕೆಂಪಾಯಿತು. ಚೀಟಿ ವಾಪಸ್ ಕೊಟ್ಟು, ಎದ್ದು, ತಳ್ಳುಗಾಡಿ ತಳ್ಳಿಕೊಂಡು ಕೆರೆಯ ಸುತ್ತ ಹೊರಟೇಬಿಟ್ಟರು. ಟೀಚರ್ ಬೆಂಚಿನ ಮೇಲೆ ಒಬ್ಬರೇ ಉಳಿದರು. ಪೂರ್ತಿ ಒಂದು ಸುತ್ತು ಬರಲು ಹನ್ನೆರಡು ನಿಮಿಷ ಹಿಡಿಯಿತು. ಆಕೆ ಹತ್ತಿರ ಬಂದು ನಿಲ್ಲದೆ ಮುಂದೆ ಹೋದರು. ಎರಡನೆಯ ಸುತ್ತಿನಲ್ಲಿ 'ಹೆಲ್' ಅನ್ನುತ್ತಾ ತಮ್ಮಷ್ಟಕ್ಕೆ ಏನೋ ಗೊಣಗುತ್ತಿದ್ದರು. ಮೂರನೆಯ ಸುತ್ತಿಗೆ ಆಕೆಯ ಬಾಯಿಯ ತುದಿ ಸೊಟ್ಟಗಾಗಿತ್ತು. ಬಂದು ಬೆಂಚಿನ ಮೇಲೆ ದೊಪ್ಪನೆ ಕೂತರು. ಟೀಚರ್‌ಗೆ ಅರ್ಥವಾಗುವ ಹಾಗೆ ಬಿಡಿಬಿಡಿಯಾಗಿ, ಜೋರಾಗಿ ಮಾತಾಡಿದರು.

"ನನ್ನ ಮಗನಿಗೆ ಹೇಳಿದೀನಿ. ನನ್ನ ಮೂರು ಜನ ತಂಗೀರಿಗೆ ಹೇಳಿದೀನಿ. ಟಿಕೆಟ್ ಬದಲಾಯಿಸೋಕೆ ನಮ್ಮೂರಿಗೆ ಫೋನ್ ಮಾಡಿದಾಗ ಆ ಆಫೀಸಿನ ಹುಡುಗಿಗೂ ಹೇಳಿದೀನಿ, ಅವಳೂ ಅತ್ತಳು. ಈಗ ಎಲ್ಲರಿಗೂ ಮತ್ತೆ ಫೋನ್ ಮಾಡಿ ಅದು ಹಾಗಲ್ಲ ಅನ್ನೋಕೆ ನನ್ನ ಕೈಲಿ ಆಗಲ್ಲ. ಆ ವಾಕ್ಯ ನೀವು ನಂಗೆ ಕೊಟ್ಟಿದ್ದು. ವಾಪಸ್ ಕೊಡಲ್ಲ."

"ಆದರೆ ಅದು ತಪ್ಪಾಗಿತ್ತು."

"ತಪ್ಪು ನಿಮ್ಮದು. ವಾಕ್ಯ ನಂದು."

ಟೀಚರ್ ಈ ನ್ಯಾಯವನ್ನು ಒಂದು ಕ್ಷಣ ಪರಿಶೀಲಿಸಿದರು. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ಕುಂದು ಕಾಣಲಿಲ್ಲ.

"ಇನ್ನೊಂದು ವಾಕ್ಯಾನೂ ಇಟ್ಕೊಳ್ಳಿ" ಅಂದರು. ಒಳ್ಳೆಯ ತಾಯಿಯಾಗುತ್ತಾಳೆ ಅನ್ನುವುದನ್ನು ಸರಿಯಾದ ಕ್ರಿಯಾಪದ ಹಾಕಿ ಹೇಳಿದರು.

"ಅದನ್ನ ಯಾರು ಇಲ್ಲ ಅಂದ್ರು? ಈಗಾಗಲೇ ಆಗಿದಾಳೆ" ಅಂದರು ಬೀಗಿತ್ತಿ. ಆಮೇಲೆ ಕೈ ಚಾಚಿ, ಇನ್ನುಮುಂದೆ ನಾವಿಬ್ಬರೂ 'ನೀನು' ಅಂದುಕೊಳ್ಳೋಣ ಅಂದರು. ಟೀಚರ್ ಆ ಕೈ ಹಿಡಿದು ಕುಲುಕಿದರು.

ಬೀಗಿತ್ತಿ ಮೂರು ತಿಂಗಳು ಪೂರ್ತಿ ಇದ್ದರು. ಮಗಳಿಗೆ ಟೀಚರ್ ಎಲ್ಲವನ್ನೂ ಹೇಳಿದರು. ಅವಳು ಎದೆಹಾಲು ಕುಡಿಸುತ್ತಾ ನಕ್ಕ ರಭಸಕ್ಕೆ ಮಗು ಎರಡು ಸಲ ತೊಟ್ಟು ಬಿಟ್ಟಿತು. ಅಳಿಯನಿಗೆ ಯಾರೂ ಹೇಳಲಿಲ್ಲ. ಅನುವಾದದ ಕೆಲಸ ಹೋಗಿದ್ದಕ್ಕೆ ಅವನು ನೆಮ್ಮದಿಯಾಗಿದ್ದ. ಅತ್ತೆ ಮತ್ತು ತಾಯಿ ಒಟ್ಟಿಗೆ ಮಾತಾಡುವಾಗ ಅವನು ಬೇರೆ ಕೋಣೆಗೆ ಹೋಗಿ ಕೂರುತ್ತಿದ್ದ, ಯಾಕೆಂದರೆ ಅವರು ಹೆಚ್ಚಾಗಿ ಮಾತಾಡುತ್ತಿರಲಿಲ್ಲ, ವಾದಿಸುತ್ತಿದ್ದರು. ಮಗುವಿಗೆ ಟೋಪಿ ಬೇಕೇ ಬೇಡವೇ, ಕಿಟಕಿ ಎಷ್ಟು ತೆರೆಯಬೇಕು, ನಿದ್ದೆ ಮಾಡಿದ ಮಗುವನ್ನು ಎಬ್ಬಿಸಿ ಹಾಲು ಕೊಡಬಹುದೇ. ಟೀಚರ್‌ಗೆ ವಾದದಲ್ಲಿ ಪದ ಸಾಲದೆ ಬಂದರೆ ಬೀಗಿತ್ತಿಯೇ ಎರವಲು ಕೊಟ್ಟು, ಆಮೇಲೆ ಅದೇ ಪದಕ್ಕೆ ತಿರುಗೇಟು ಕೊಡುತ್ತಿದ್ದರು.

ಹೊರಡುವ ಹಿಂದಿನ ದಿನ ಇಬ್ಬರೂ ಅದೇ ಪಾರ್ಕಿನಲ್ಲಿ ಕೂತು ಅಂಗಡಿಯಿಂದ ತಂದ ಸಣ್ಣ ಡಬ್ಬಿಯ ಮೊಸರು ತಿನ್ನುತ್ತಿದ್ದರು. ಚೆನ್ನಾಗಿದೆ ಅನ್ನಲು ಟೀಚರ್, "ಡೇರ್ ಯೋಗರ್ಟ್" ಅಂತ ಶುರುಮಾಡಿದರು.

"ದಾಸ್" ಅಂದರು ಬೀಗಿತ್ತಿ.

"ಡೇರ್. ಗಂಡು. ನಾನು ಓದಿದೀನಿ."

"ನಾನು ಅರವತ್ತಾರು ವರ್ಷದಿಂದ ತಿಂತಿದೀನಿ. ಎರಡೂ ಅಲ್ಲ ಅದು. ದಾಸ್."

ಚಮಚ ಕೆಳಗಿಟ್ಟರು. ಬೀಗಿತ್ತಿ ಮಗನಿಗೆ ಫೋನ್ ಮಾಡಿದರು. ಅವನು ಯಾವುದೋ ಲಿಫ್ಟಿನೊಳಗಿಂದ, "ನೀವಿಬ್ಬರೂ ಏನು ಹೇಳ್ತೀರೋ ಅದೇ" ಅಂತ ಹೇಳಿ ಇಟ್ಟುಬಿಟ್ಟ. ಟೀಚರ್ ಚೀಲದಿಂದ ನಿಘಂಟು ತೆಗೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. ಬೀಗಿತ್ತಿ ಕನ್ನಡಕ ಏರಿಸಿಕೊಂಡು ಪಕ್ಕದಿಂದ ಬಗ್ಗಿದರು. ಇಬ್ಬರ ತಲೆಯೂ ಒಂದೇ ಸಾಲಿನ ಮೇಲೆ ಬಾಗಿತು.

ಎರಡೂ ಸರಿ ಅಂತ ಬರೆದಿತ್ತು. ಆ ಉತ್ತರ ಇಬ್ಬರಿಗೂ ಇಷ್ಟವಾಗಲಿಲ್ಲ.